ಗುಟ್ಟೆಯ ಮಾಗಳಿ ಬೇರು

ಮೈಸೂರು

ಚಿರಂಜೀವಿ ಶೀನುವಿಗೆ ಅಕ್ಕನ ಆಶೀರ್ವಾದಗಳು.

  ಮೊನ್ನೆ ನಿಮ್ಮ ಮನೆಯಿಂದ ಸುಮಾ ಫೋನು ಮಾಡಿ ಮಾಗಳಿ ಬೇರಿನ ಉಪ್ಪಿನಕಾಯಿ ಹಾಕುವುದು ಹೇಗೆ ಅಂತ ಕೇಳಿದಳು. ಕೇಳಿ ತುಂಬ ಸಂತೋಷವಾಯಿತು. ಅಮ್ಮ ಹೋದಮೇಲೆ ಆ ಉಪ್ಪಿನಕಾಯಿ ನಮ್ಮ ಮನೆಗಳಲ್ಲಿ ನಿಂತೇ ಹೋಗುತ್ತದೇನೋ ಅಂತ ನನಗೆ ಒಳಗೊಳಗೇ ಇತ್ತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಆಡಬೇಕಾದ ಇನ್ನೊಂದು ಮಾತೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸುಮಾಳಿಗೆ ಬೇಕಾದ್ದನ್ನು ಬರೆದುಬಿಡುತ್ತೇನೆ.

ಉಪ್ಪಿನಕಾಯಿಯ ಅರ್ಧ ಗೆಲುವು ಬೇರು ಆರಿಸುವುದರಲ್ಲೇ ಇದೆ. ಹೆಬ್ಬೆರಳಿನಷ್ಟು ದಪ್ಪ ಇರುವುದು ಒಳ್ಳೆಯದು. ಅದಕ್ಕಿಂತ ಬಹಳ ದಪ್ಪ ಆದರೆ ಬಲಿತು ನಾರಾಗಿರುತ್ತದೆ, ಬಹಳ ಸಣ್ಣ ಆದರೆ ಸಿಪ್ಪೆ ಕಡ್ಡಿ ತೆಗೆದಮೇಲೆ ಕೈಗೆ ಏನೂ ಉಳಿಯುವುದಿಲ್ಲ. ಬಾಗಿಸಿ ನೋಡಬೇಕು, ಪಟ್ಟನೆ ಮುರಿಯಬೇಕು. ಬಳುಕಿತು ಅಂದರೆ ಅದು ಅಂಗಡಿಯಲ್ಲಿ ಬಿದ್ದು ಬಾಡಿದ ಬೇರು. ಮುರಿದ ಜಾಗದಲ್ಲಿ ಬಿಳಿ ಹಾಲು ಜಿನುಗಿ, ಆ ಘಾಟು ಕಂಪು ಮೂಗಿಗೆ ಬಂದರೆ ಕಣ್ಣುಮುಚ್ಚಿ ತಗೋಬಹುದು. ಇಲ್ಲಿ ದೇವರಾಜ ಮಾರುಕಟ್ಟೆಯಲ್ಲಿ ಒಮ್ಮೊಮ್ಮೆ ಸಿಗುತ್ತದೆ. ಬೆಂಗಳೂರಿನಲ್ಲಿ ಗಾಂಧಿ ಬಜಾರು, ಮಲ್ಲೇಶ್ವರದ ಕಡೆ ವಿಚಾರಿಸಬೇಕು. ನಿನಗೆ ಆ ಅಲೆದಾಟ ಬೇಕಿಲ್ಲ, ಅದೂ ಮುಂದೆ ಹೇಳುತ್ತೇನೆ.

ತಂದ ಬೇರನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ಕಲ್ಲುಸಂದಿಯಲ್ಲಿ ಬೆಳೆದದ್ದು, ಮಡಿಕೆ ಮಡಿಕೆಯಲ್ಲೂ ಮಣ್ಣು ಕೂತಿರುತ್ತದೆ. ಬೆಳಿಗ್ಗೆ ನಾರಿನಿಂದ ತಿಕ್ಕಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ಆಮೇಲೆ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದುಹಾಕಿ, ಉದ್ದಕ್ಕೆ ಸೀಳಬೇಕು. ನಡುವೆ ಗಟ್ಟಿ ಕಡ್ಡಿ ಇರುತ್ತದೆ, ಅದನ್ನು ಎಳೆದು ತೆಗೆದುಬಿಡಬೇಕು. ಉಳಿಯುವ ಬಿಳಿಯ ದಪ್ಪ ತಿರುಳೇ ನಮಗೆ ಬೇಕಾದದ್ದು. ಒಂದು ಕೆಜಿ ಬೇರು ತಂದರೆ ಹೋಳು ಒಂದು ಕೆಜಿ ಆಗುವುದಿಲ್ಲ ಅಂತ ಮೊದಲೇ ಹೇಳಿರು, ಇಲ್ಲದಿದ್ದರೆ ಸುಮಾ ಬೇಜಾರು ಮಾಡಿಕೊಂಡಾಳು. ಹೆಚ್ಚುವಾಗ ಪಕ್ಕದಲ್ಲೇ ನಿಂಬೆರಸದ ಬಟ್ಟಲು ಇಟ್ಟುಕೊಂಡು, ಹೋಳು ಬಿದ್ದಹಾಗೆ ಅದರೊಳಗೆ ಹಾಕುತ್ತ ಹೋಗಬೇಕು. ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ.

ಒಂದು ಕೆಜಿ ಹೋಳಿಗೆ 200 ಗ್ರಾಂ ಹರಳುಪ್ಪು, ಹುರಿದು ಪುಡಿಮಾಡಿದ್ದು. 100 ಗ್ರಾಂ ಮೆಣಸಿನಪುಡಿ, ಅದರಲ್ಲಿ ಮುಕ್ಕಾಲು ಬ್ಯಾಡಗಿ ಇರಲಿ. 50 ಗ್ರಾಂ ಸಾಸಿವೆ, ಹುರಿಯದೆ ಹಸಿಯಾಗಿಯೇ ಪುಡಿಮಾಡಿದ್ದು. ಒಂದು ಚಮಚ ಅರಿಶಿನ. ನಿಂಬೆರಸಕ್ಕೆ ಲೆಕ್ಕವಿಲ್ಲ, ಹೋಳು ಮುಳುಗುವಷ್ಟು ಬೇಕು. ಎಣ್ಣೆ ಬೇಡ, ಒಗ್ಗರಣೆಯೂ ಬೇಡ. ಇಂಗು ಹಾಕುವವರಿದ್ದಾರೆ, ಅಮ್ಮ ಹಾಕುತ್ತಿರಲಿಲ್ಲ. ನನಗೂ ಅಮ್ಮನ ದಾರಿಯೇ ಸರಿ ಅನ್ನಿಸುತ್ತದೆ, ಬೇರಿಗೆ ಇರುವಷ್ಟು ಪರಿಮಳ ಸಾಕು, ಅದರ ಮೇಲೆ ಇನ್ನೊಂದನ್ನು ಹೇರಬಾರದು. ಜಾಡಿಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ, ದಿನಾ ಒಣಗಿದ ಸೌಟಿನಲ್ಲಿ ಒಂದು ಸಲ ತಿರುವಬೇಕು. ಮೊದಮೊದಲು ಗಡಸಾಗಿ, ಸ್ವಲ್ಪ ಒಗರಾಗಿ ಇರುತ್ತದೆ. ಕೆಲವು ವಾರ ಕಳೆದಮೇಲೆ ಉಪ್ಪು ಹುಳಿ ಒಳಗೆ ಇಳಿದು ಹೋಳು ಹದಕ್ಕೆ ಬರುತ್ತದೆ. ವರ್ಷ ಕಳೆದ ಉಪ್ಪಿನಕಾಯಿಯ ರಸವನ್ನೇ ಮೊಸರನ್ನಕ್ಕೆ ಕಲಸಿಕೊಂಡು ಅಪ್ಪ ಊಟ ಮುಗಿಸುತ್ತಿದ್ದದ್ದು ನಿನಗೆ ನೆನಪಿರಬಹುದು.

ಇನ್ನೊಂದು ಪದ್ಧತಿಯೂ ಇದೆ. ನಿಂಬೆರಸದ ಬದಲು ಗಟ್ಟಿ ಹುಳಿಮೊಸರಿನಲ್ಲಿ ಹೋಳು ನೆನೆಸಿ, ಉಪ್ಪು, ಸಾಸಿವೆ, ಮೆಣಸಿನಪುಡಿ ಬೆರೆಸಿಡುವುದು. ತಮಿಳುನಾಡಿನ ಮನೆಗಳಲ್ಲಿ ಇದೇ ಹೆಚ್ಚು. ಅದು ನಾಲಿಗೆಗೆ ಇನ್ನೂ ಮೆತ್ತಗೆ, ಆದರೆ ನಿಗಾ ಜಾಸ್ತಿ ಬೇಕು. ಹೊಸದಾಗಿ ಕಲಿಯುವವರಿಗೆ ನಿಂಬೆರಸದ್ದೇ ಒಳ್ಳೆಯದು.

ಬಿಪಿ ಬಂದಮೇಲೆ ಅಪ್ಪನಿಗೆ ಉಪ್ಪಿನಕಾಯಿ ನಿಂತುಹೋಯಿತಲ್ಲ, ಆಗ ಅಮ್ಮ ಎರಡು ಹಸಿ ಹೋಳನ್ನು ಜಜ್ಜಿ ಮಜ್ಜಿಗೆಯಲ್ಲಿ ಹಾಕಿಡುತ್ತಿದ್ದರು. ಒಂದು ಗಂಟೆ ಬಿಟ್ಟು ಸೋಸಿದರೆ ಇಡೀ ಮಜ್ಜಿಗೆಗೆ ಆ ಕಂಪು ಹತ್ತಿರುತ್ತಿತ್ತು, ಉಪ್ಪು ಹಾಕದಿದ್ದರೂ ಗಂಟಲಲ್ಲಿ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಮಕ್ಕಳಿಗೆ ನೀವೂ ಮಾಡಿಕೊಡಿ. ಬಾಟಲಿಯ ಬಣ್ಣದ ನೀರಿಗಿಂತ ಎಷ್ಟೋ ವಾಸಿ.

ಮಕ್ಕಳು ಮೊದಲ ಸಲ ಮೂಗು ಮುಚ್ಚಿಕೊಂಡರೆ ಬಲವಂತ ಮಾಡಬೇಡಿ. ಈ ವಾಸನೆಯ ವಿಷಯದಲ್ಲಿ ಜನ ಎರಡು ಪಂಗಡ. ಕೆಲವರಿಗೆ ಇದು ತಿಗಣೆ ವಾಸನೆ ಅನ್ನಿಸುತ್ತದೆ, ಜಾಡಿ ಮನೆಯೊಳಗೆ ಇರುವುದೇ ಬೇಡ ಅನ್ನುತ್ತಾರೆ. ಇನ್ನು ಕೆಲವರು ಇದೊಂದಿದ್ದರೆ ಬೇರೆ ವ್ಯಂಜನ ಕೇಳುವುದಿಲ್ಲ. ಆ ಕಂಪು ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವಾಗ ಗೊತ್ತಾಯಿತು, ಆವತ್ತಿನಿಂದ ಆ ಜಾಡಿಯ ಮೇಲಿನ ಗೌರವ ಇನ್ನೂ ಹೆಚ್ಚಿತು. ಬೇರಿನಿಂದ ಇಳಿಸುವ ಸುಗಂಧ ತೈಲದಲ್ಲಿ ಬಹುಪಾಲು ಒಂದೇ ಒಂದು ವಸ್ತು. 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್ ಅಂತ ಅದರ ಹೆಸರು. ವೆನಿಲ್ಲಾ ಕೋಡಿನ ಪರಿಮಳ ಕೊಡುವ ವೆನಿಲಿನ್ ಇದೆಯಲ್ಲ, ಅದರಲ್ಲೂ ಇದರಲ್ಲೂ ಇರುವುದು ಅದೇ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳು. ಜೋಡಣೆಯ ಜಾಗ ಮಾತ್ರ ಬೇರೆ. ಇಪ್ಪತ್ತು ವರ್ಷದ ಹಿಂದೆ ಮಲೆನಾಡಿನಲ್ಲಿ ವೆನಿಲ್ಲಾಗೆ ಚಿನ್ನದ ಬೆಲೆ ಬಂದು, ತೋಟಕ್ಕೆ ತೋಟವೇ ಆ ಬಳ್ಳಿಯ ಹಿಂದೆ ಬಿದ್ದು, ಆಮೇಲೆ ಬೆಲೆ ಕುಸಿದು ರೈತರು ಕೈಸುಟ್ಟುಕೊಂಡರು. ಮೆಕ್ಸಿಕೋ ಮೂಲದ ಆ ಬಳ್ಳಿಗೆ ಕಂಬ ನೆಟ್ಟು, ಕೈಯಿಂದಲೇ ಹೂವಿಗೆ ಪರಾಗ ಮುಟ್ಟಿಸಿ ಸಾಕಿದೆವು. ಅದರ ದಾಯಾದಿ ಪರಿಮಳ ನಮ್ಮ ಬಯಲುಸೀಮೆಯ ಬಂಡೆಯ ಕೆಳಗೆ ನೀರಿಲ್ಲದೆ, ಗೊಬ್ಬರವಿಲ್ಲದೆ ತಾನಾಗಿಯೇ ಬೆಳೆದುಕೊಂಡಿತ್ತು.

ಎಣ್ಣೆಯಿಲ್ಲದೆಯೂ ಈ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಇರುವುದಕ್ಕೆ ಉಪ್ಪು ಹುಳಿಯಷ್ಟೇ ಕಾರಣವಲ್ಲ. ಆ ಸುಗಂಧ ವಸ್ತುವಿಗೇ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಈ ಬೇರಿನ ಮೇಲೆ ಬಹಳ ಕೆಲಸ ನಡೆದಿದೆ. ಬೇರಿನ ಸಾರ ದಾಸ್ತಾನು ಧಾನ್ಯಕ್ಕೆ ಬೀಳುವ ಹುಳುಗಳನ್ನು ಕೊಲ್ಲುತ್ತದೆ ಅಂತ ಅಲ್ಲಿಯ ವಿಜ್ಞಾನಿಗಳು ತೋರಿಸಿದ್ದಾರೆ. ಅಂಗಾಂಶ ಕೃಷಿಯಿಂದ ಸಸಿ ಮಾಡುವ ದಾರಿಯನ್ನೂ ಹುಡುಕಿದ್ದಾರೆ.

ಔಷಧದ ವಿಷಯಕ್ಕೆ ಬಂದರೆ, ಇದು ತಂಪಿನ ಬೇರು. ಉಷ್ಣವಾಗಿ ಕಣ್ಣು ಉರಿದರೆ, ಉರಿಮೂತ್ರವಾದರೆ, ಜ್ವರ ಬಿಟ್ಟಮೇಲೆ ಬಾಯಿ ಕೆಟ್ಟು ಊಟ ಸೇರದಿದ್ದರೆ ನಮ್ಮ ಕಡೆ ಇದನ್ನೇ ಕೊಡುವುದು. ಸೊಗದೇ ಬೇರು ಇದರ ಹತ್ತಿರದ ನೆಂಟ. ಅದು ದಾರದಷ್ಟು ತೆಳ್ಳಗಿನ ಬೇರು, ಎಲೆಯ ನಡುನರದ ಮೇಲೆ ಬಿಳಿಗೆರೆ ಇರುತ್ತದೆ. ಕಂಪು ಮಾತ್ರ ಎರಡರದ್ದೂ ಒಂದೇ, ಯಾಕೆಂದರೆ ಅದೇ ಸುಗಂಧ ವಸ್ತು ಎರಡರಲ್ಲೂ ಇದೆ. ಆಯುರ್ವೇದದವರು ಸಾರಿವಾ ಅನ್ನುವುದು ಸೊಗದೇ ಬೇರನ್ನು. ಚರಕ ಸಂಹಿತೆಯಲ್ಲಿ ಉರಿ ಶಮನ ಮಾಡುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಶ್ರೀಗಂಧ, ಲಾವಂಚ, ಅಮೃತಬಳ್ಳಿಯ ಜೊತೆ ಅದೂ ಸೇರಿದೆ. ಜ್ವರ ಇಳಿಸುವ ಗುಂಪಿನಲ್ಲೂ ಇದೆ. 1864ರ ಬ್ರಿಟಿಷ್ ಫಾರ್ಮಕೋಪಿಯಾದಲ್ಲೂ ಅದಕ್ಕೆ ಜಾಗ ಸಿಕ್ಕಿತ್ತು. ಮಲೆನಾಡಿನಲ್ಲಿ ಸೊಗದೇ ಬೇರಿನ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕುಡಿಯುತ್ತಾರೆ. ರಾಯಲಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೀದಿಬೀದಿಯಲ್ಲಿ ನನ್ನಾರಿ ಶರಬತ್ತು. ನನ್ನಾರಿ ಅಂದರೆ ಸೊಗದೇ ಬೇರೇ, ಆದರೆ ಆ ಕಡೆ ಬಹಳ ಜನ ಶರಬತ್ತಿಗೆ ಬಳಸುವುದು ಸೊಗದೇ ಬೇರಲ್ಲ, ನಮ್ಮ ಮಾಗಳಿಯನ್ನೇ. ಬೇರು ಕುದಿಸಿ, ಸಕ್ಕರೆ ಪಾಕ ಮಾಡಿಟ್ಟುಕೊಂಡು, ನಿಂಬೆಹಣ್ಣು ಹಿಂಡಿ, ನೆನೆದ ಕಾಮಕಸ್ತೂರಿ ಬೀಜ ಹಾಕಿ ಕೊಡುತ್ತಾರೆ. ಬಿಸಿಲಲ್ಲಿ ನಡೆದುಬಂದವರು ಅದನ್ನು ಕುಡಿದರೆ ಮೈಯೆಲ್ಲ ಹಗುರ ಆಗುತ್ತದೆ.

ರಕ್ತ ಶುದ್ಧಿ, ಹೊಟ್ಟೆಹುಣ್ಣು ಅಂತ ಜನ ಇದಕ್ಕೆ ಬಹಳ ಗುಣ ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಒಳ್ಳೆಯ ಲಕ್ಷಣ ಕಂಡದ್ದೂ ನಿಜ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಇದನ್ನು ಅನ್ನದ ಜೊತೆಗೆ ಇಟ್ಟುಕೊಳ್ಳಬೇಕು. ಕಾಯಿಲೆ ಅಂತ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು. ಬಾಯಿಗೆ ರುಚಿ ಬರಿಸಿ, ಹೊಟ್ಟೆಗೆ ತಂಪು ಮಾಡಿ, ಬೇಸಿಗೆಯನ್ನು ದಾಟಿಸುವ ಬೇರು ಅದಕ್ಕಿಂತ ಹೆಚ್ಚಿನದನ್ನು ಮಾಡಬೇಕು ಅಂತ ನಾನು ಯಾಕೆ ಬಯಸಲಿ?

ಈಗ ಆ ಇನ್ನೊಂದು ಮಾತು. ಶೀನು, ಹೊಲದ ಮೇಲ್ಭಾಗದ ಗುಟ್ಟೆಗೆ ಜೆಸಿಬಿ ಬಿಡಿಸಿ, ಬಂಡೆ ಒಡೆಸಿ, ಮಟ್ಟ ಮಾಡಿ ಮಾವು ಇಡುತ್ತೇನೆ ಅಂದೆಯಲ್ಲ, ಅದನ್ನು ಮಾಡಬೇಡ ಕಣೋ. ಜಮೀನು ನಿನ್ನದು, ದುಡಿಯುವವನೂ ನೀನು, ಮೈಸೂರಿನಲ್ಲಿ ಕೂತು ನಾನು ಹೀಗೆ ಬರೆಯುವುದು ನಿನಗೆ ಸರಿ ಕಾಣಲಿಕ್ಕಿಲ್ಲ. ಆದರೆ ಅಮ್ಮ ಬೇರು ತರುತ್ತಿದ್ದದ್ದು ಎಲ್ಲಿಂದ ಅಂತ ನೀನು ಯಾವತ್ತೂ ಕೇಳಲಿಲ್ಲ, ನೀನು ಆಗ ಚಿಕ್ಕವನು. ಸಂತೆಯಿಂದಲ್ಲ. ಆ ಗುಟ್ಟೆಯಿಂದಲೇ. ಜಾಲಿ, ಕಾರೆ, ಲಂಟಾನದ ಮಧ್ಯೆ ಬಂಡೆಯನ್ನು ಅಪ್ಪಿಕೊಂಡು, ಪಕ್ಕದ ಗಿಡಕ್ಕೆ ಹಬ್ಬಿಕೊಂಡಿರುವ ಹೊಳೆಯುವ ಎಲೆಯ ಬಳ್ಳಿಯನ್ನು ನೋಡಿರುತ್ತೀಯ. ಎಲೆ ಜೋಡಿಜೋಡಿಯಾಗಿ ಎದುರುಬದುರು ಇರುತ್ತದೆ, ಕಿತ್ತರೆ ಹಾಲು ಬರುತ್ತದೆ. ಕಾಯಿಯೂ ಜೋಡಿಯೇ. ಒಣಗಿ ಬಾಯಿಬಿಟ್ಟರೆ ಒಳಗಿಂದ ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜ ಗಾಳಿಗೆ ಹಾರಿಹೋಗುತ್ತದೆ. ಅದೇ ಮಾಗಳಿ.

ಆ ಬಳ್ಳಿ ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಬೆಳೆಯುವುದಿಲ್ಲ. ನಮ್ಮ ತುಮಕೂರು, ರಾಮನಗರ, ಕೋಲಾರ, ಚಾಮರಾಜನಗರದ ಕಲ್ಲುಬೆಟ್ಟಗಳು, ಅವಕ್ಕೆ ಹತ್ತಿಕೊಂಡ ಆಂಧ್ರ ಮತ್ತು ತಮಿಳುನಾಡಿನ ಒಣ ಬೆಟ್ಟಗಳು, ಮುಖ್ಯವಾಗಿ ಇವೇ ಅದರ ಸೀಮೆ. 1834ರಲ್ಲಿ ವೈಟ್ ಮತ್ತು ಆರ್ನಾಟ್ ಎಂಬ ಸಸ್ಯಶಾಸ್ತ್ರಜ್ಞರು ಡೆಕಾಲೆಪಿಸ್ ಹ್ಯಾಮಿಲ್ಟೋನಿ ಅಂತ ಅದಕ್ಕೆ ಹೆಸರಿಟ್ಟರು. ಈಗ ತಜ್ಞರು ಅದನ್ನು ಅಳಿವಿನ ಅಪಾಯದಲ್ಲಿರುವ ಗಿಡಗಳ ಸಾಲಿಗೆ ಸೇರಿಸಿದ್ದಾರೆ.

ಕಾರಣ ದೂರ ಹುಡುಕಬೇಕಾಗಿಲ್ಲ. ಕಾಯಿಯೋ ಎಲೆಯೋ ಆಗಿದ್ದರೆ ಕೊಯ್ದ ಮೇಲೂ ಗಿಡ ಉಳಿಯುತ್ತದೆ. ಇಲ್ಲಿ ನಮಗೆ ಬೇಕಾದದ್ದು ಬೇರು. ವ್ಯಾಪಾರಕ್ಕೆ ಅಗೆಯುವವರು ಹಾರೆ ಹಾಕಿ, ಕಲ್ಲು ಎಬ್ಬಿಸಿ, ಬೇರು ಹೋದಲ್ಲಿಗೆಲ್ಲ ಹೋಗಿ ಒಂದೂ ಬಿಡದೆ ಕೀಳುತ್ತಾರೆ. ಆ ಬಳ್ಳಿಗೆ ಅಲ್ಲಿಗೆ ಮುಗಿಯಿತು. ಬೀಜ ಕಟ್ಟುವುದೂ ಕಡಿಮೆ, ಕಟ್ಟಿದ ಬೀಜದ ಮೊಳಕೆಯ ಶಕ್ತಿ ಹೆಚ್ಚು ದಿನ ಉಳಿಯುವುದೂ ಇಲ್ಲ. ಅದರ ಮೇಲೆ ಉಪ್ಪಿನಕಾಯಿಯ ಕಂಪನಿಗಳು ಬಂದವು. ಸೊಗದೇ ಬೇರಿನ ಬದಲಿಗೆ ಇದನ್ನು ಔಷಧಿ ತಯಾರಿಸುವವರಿಗೆ ಮಾರುವ ವ್ಯಾಪಾರವೂ ಬೆಳೆಯಿತು, ಯಾಕೆಂದರೆ ತೂಕಕ್ಕೆ ಇದು ಲಾಭ. ದಾರದಂಥ ಬೇರನ್ನು ಒಂದೊಂದೇ ಕೀಳುವುದಕ್ಕಿಂತ ಮೊಳದುದ್ದದ ದಪ್ಪ ಬೇರು ಅಗೆದರೆ ಮೂಟೆ ಬೇಗ ತುಂಬುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಜೇನು, ನೆಲ್ಲಿಕಾಯಿ, ಸೀಗೆಕಾಯಿಯ ಜೊತೆ ಇದೂ ಜೀವನಕ್ಕೆ ಆಸರೆಯಾಗಿದ್ದ ಕಾಡು ಉತ್ಪನ್ನ. ಅವರನ್ನು ನಾನು ದೂರುವುದಿಲ್ಲ. ಅಗೆಯುವವನ ಕೈಗೆ ಬರುವುದು ಬಿಡಿಗಾಸು, ಬೆಲೆ ಏರುವುದು ಪೇಟೆಗೆ ಬಂದಮೇಲೆ. ನಗರದಲ್ಲಿ ಕೂತು ಚಪ್ಪರಿಸುವ ನಮ್ಮಂಥವರಿಗೆ ಇದರ ಲೆಕ್ಕ ಹೆಚ್ಚು ಗೊತ್ತಿರಬೇಕು.

ಅಮ್ಮನ ಅಗೆತ ಹಾಗಿರಲಿಲ್ಲ. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಹೋಗಿ, ಬಳ್ಳಿಯ ಒಂದು ಮಗ್ಗುಲು ಮಾತ್ರ ಬಿಡಿಸಿ, ಎರಡೋ ಮೂರೋ ಬೇರು ಕತ್ತರಿಸಿಕೊಂಡು, ನಡುವಿನ ಗಡ್ಡೆ ಮುಟ್ಟದೆ ಮಣ್ಣು ಮುಚ್ಚಿ, ಮೇಲೆ ಕಲ್ಲು ಇಟ್ಟು ಬರುತ್ತಿದ್ದರು. ಮಾರನೇ ವರ್ಷ ಆ ಬಳ್ಳಿಯ ತಂಟೆಗೆ ಹೋಗುತ್ತಿರಲಿಲ್ಲ, ಬೇರೆ ಬಳ್ಳಿ. ಯಾವುದನ್ನು ಯಾವ ವರ್ಷ ಮುಟ್ಟಿದ್ದೆ ಅನ್ನುವುದು ಅವರಿಗೆ ಬಾಯಿಪಾಠ. ಒಂದು ಜಾಡಿಗಿಂತ ಹೆಚ್ಚು ಹಾಕುತ್ತಲೂ ಇರಲಿಲ್ಲ. ನೆಂಟರು ಕೇಳಿದರೆ ಬಟ್ಟಲಲ್ಲಿ ಕೊಡುತ್ತಿದ್ದರೇ ಹೊರತು ಡಬ್ಬಿ ತುಂಬಿ ಕೊಟ್ಟದ್ದು ನಾನು ನೋಡಿಲ್ಲ. ಅದನ್ನು ಜಿಪುಣತನ ಅಂದವರೂ ಉಂಟು.

ಮಾವು ಇಡಬೇಡ ಅಂತ ನಾನು ಹೇಳುತ್ತಿಲ್ಲ. ಕೆಳಗಿನ ಕೆಂಪು ಮಣ್ಣಿನ ಹೊಲ ಇದೆ, ಅಲ್ಲಿಡು. ಗುಟ್ಟೆಯ ಮೇಲೆ ಅರ್ಧ ಅಡಿ ಮಣ್ಣಿಲ್ಲ, ಬಂಡೆ ಒಡೆಸಿ ಮಣ್ಣು ಹೊಡೆಸಿ ಇಟ್ಟರೂ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬದುಕಿಸಬೇಕಾಗುತ್ತದೆ. ಮಾವು ಒಲ್ಲದ ಆ ಜಾಗವೇ ಮಾಗಳಿಗೆ ಇಷ್ಟ. ನೀರು ನಿಲ್ಲದ ಇಳಿಜಾರು, ಕಲ್ಲಿನ ಸಂದಿ, ಕೈಯಾಡಿಸಿದರೆ ಉದುರುವ ಮಣ್ಣು, ಹಬ್ಬಲು ಒಂದು ಪೊದೆ, ಇಷ್ಟಿದ್ದರೆ ಸಾಕು. ಬಂಡೆಯ ನೆರಳಿನಲ್ಲಿ ತೇವ ಉಳಿಯುತ್ತದೆ, ಬೇರು ಅದನ್ನು ಹುಡುಕಿಕೊಂಡು ಹೋಗಿ ನೀರನ್ನೂ ಆಹಾರವನ್ನೂ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಹಾಗೆ ಕೂಡಿಟ್ಟುಕೊಳ್ಳುವುದರಿಂದಲೇ ಬೇರು ದಪ್ಪವಾಗುವುದು, ನಮಗೆ ತಿನ್ನಲು ಸಿಗುವುದು.

ನೀನು ಒಪ್ಪಿದರೆ ಇಷ್ಟು ಮಾಡು. ಮೊದಲು ಸುಮಾಳನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ಈಗ ಎಷ್ಟು ಬಳ್ಳಿ ಉಳಿದಿದೆ ಅಂತ ನೋಡಿ, ಪಕ್ಕದ ಬಂಡೆಗೆ ಸುಣ್ಣದ ಗುರುತು ಹಾಕಿ. ಕುರಿ ಮೇಯಿಸಲು ಬರುವವರಿಗೆ ಹೇಳಿಡು, ಬೆಂಕಿ ಬೀಳದ ಹಾಗೆ ಬೇಸಿಗೆಗೆ ಮುಂಚೆ ಸುತ್ತ ಒಣಹುಲ್ಲು ಸವರಿಸು. ಕಾಯಿ ಕಂದಾಗಿ ಇನ್ನೇನು ಬಿರಿಯುತ್ತದೆ ಅನ್ನುವಾಗ ತೆಳುಬಟ್ಟೆ ಕಟ್ಟಿದರೆ ಬೀಜ ಹಾರಿಹೋಗುವುದಿಲ್ಲ. ಬೀಜವನ್ನು ಡಬ್ಬಿಯಲ್ಲಿ ಇಟ್ಟು ಮುಂದಿನ ವರ್ಷ ಬಿತ್ತೋಣ ಅಂತ ಕಾಯಬೇಡ, ಕೂಡಲೇ ಮರಳು ಮಣ್ಣು ಬೆರೆಸಿದ ಚೀಲಕ್ಕೆ ಹಾಕು. ಎಲ್ಲವೂ ಮೊಳೆಯುವುದಿಲ್ಲ, ಅದಕ್ಕೆ ಎದೆಗುಂದಬೇಡ. ಎದ್ದ ಸಸಿಯನ್ನು ಮುಂಗಾರು ಹಿಡಿದಮೇಲೆ ಬಂಡೆಯ ಮಗ್ಗುಲಿಗೆ ಇಡು. ಕೆಲವು ವರ್ಷ ಅವಕ್ಕೆ ಹಾರೆ ಮುಟ್ಟಿಸುವ ಹಾಗಿಲ್ಲ. ಈ ವರ್ಷದ ಜಾಡಿಗೆ ಹಳೆಯ ಬಳ್ಳಿಯ ಒಂದು ಮಗ್ಗುಲಿನ ಬೇರು ಸಾಕು, ಅಮ್ಮ ಮಾಡುತ್ತಿದ್ದ ಹಾಗೆ. ಪೇಟೆಯಲ್ಲಿ ಕೊಳ್ಳುವುದು ಬೇಡ ಅಂದದ್ದು ಇದಕ್ಕೇ. ಅಲ್ಲಿ ಸಿಗುವ ಬೇರು ಯಾವ ಬೆಟ್ಟವನ್ನು ಬಗೆದು ತಂದದ್ದೋ ನಮಗೆ ಗೊತ್ತಾಗುವುದಿಲ್ಲ.

ಜೆಸಿಬಿಯವನಿಗೆ ಮುಂಗಡ ಕೊಟ್ಟಿದ್ದರೆ ಕೆಳಗಿನ ಹೊಲದಲ್ಲಿ ಕೃಷಿಹೊಂಡ ತೋಡಿಸು, ದುಡ್ಡು ದಂಡವಾಗುವುದಿಲ್ಲ. ಅದಕ್ಕೂ ಸ್ವಲ್ಪ ಹೆಚ್ಚು ಬೀಳುತ್ತದೆ ಅಂದರೆ ನಾನು ಕೊಡುತ್ತೇನೆ, ಸಂಕೋಚ ಪಡಬೇಡ. ಇದು ನಿನ್ನ ಮೇಲೆ ಹೊರಿಸುವ ಭಾರವಲ್ಲ, ನನ್ನದೂ ಪಾಲಿದೆ ಅಂತಲೇ ತಿಳಿದುಕೋ. ದಸರಾ ರಜೆಗೆ ನಾನೇ ಬರುತ್ತೇನೆ, ಸುಮಾಳ ಜೊತೆ ಕೂತು ಹೆಚ್ಚಿಕೊಡುತ್ತೇನೆ. ಅಷ್ಟರೊಳಗೆ ನಿಂಬೆಹಣ್ಣು ಅಗ್ಗವಾದಾಗ ಸ್ವಲ್ಪ ಕೂಡಿಹಾಕಿ, ಜಾಡಿಯನ್ನು ಬಿಸಿಲಿಗಿಟ್ಟು ಒಣಗಿಸಿಡಲಿ.

ಇದಕ್ಕೆ ಉತ್ತರ ಬರೆ. ಫೋನು ಮಾಡಿದರೂ ಸರಿ, ಆದರೆ ಗುಟ್ಟೆಯ ವಿಷಯ ಖಚಿತವಾಗಿ ಹೇಳು.

ಇಂತಿ ನಿನ್ನ ಪ್ರೀತಿಯ ಅಕ್ಕ,
ಶಾರದ

ತಾ.ಕ.: ಬೇರು ಹೆರೆಯುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಲು ಸುಮಾಳಿಗೆ ಹೇಳು. ಇಲ್ಲದಿದ್ದರೆ ಅದರ ಹಾಲು ಬೆರಳಿಗೆ ಅಂಟಿಕೊಂಡು, ಸೋಪು ಹಾಕಿ ಉಜ್ಜಿದರೂ ಬೇಗ ಬಿಡುವುದಿಲ್ಲ.